ಹಗ್ಗ ಹಿಡಿದವರ ಧರ್ಮ



ಮನೆಯನ್ನು ಬಿಟ್ಟು ಹೊರಟವರನ್ನು ನಮ್ಮ ಸಮಾಜವು ಎರಡು ಅಳತೆಗೋಲುಗಳಿಂದ ಅಳೆಯುತ್ತ ಬಂದಿದೆ. ಹೊರಟವನು ಗಂಡಾದರೆ ಅವನನ್ನು ವಿರಕ್ತನೆಂದೋ ದೇಶಸಂಚಾರಿಯೆಂದೋ ಕರೆದು ಪಾದಕ್ಕೆ ನೀರೆರೆಯುತ್ತದೆ. ಹೊರಟವಳು ಹೆಣ್ಣಾದರೆ, “ಯಾರ ಮನೆಯ ಮಗಳು? ಇವಳಿಗೆ ಹಿಂದುಮುಂದು ಯಾರೂ ಇಲ್ಲವೇ?” ಎಂದು ಕೇಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯಿಂದ ಹೊರಟ ಮಹಾದೇವಿಯಕ್ಕನೂ ಇಂತಹ ಪ್ರಶ್ನೆಗಳನ್ನು ದಾಟಿಯೇ ಕಲ್ಯಾಣವನ್ನು ಸೇರಿದಳು. ಅಲ್ಲಿ ಅಲ್ಲಮಪ್ರಭುಗಳು ಆಕೆಯನ್ನು ಪರೀಕ್ಷಿಸಿದ ಪ್ರಸಂಗವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ನಿರೂಪಿಸುತ್ತದೆ. ಇಂದು ನಾವು ಅಕ್ಕನ ಜಯಂತಿಯನ್ನು ಆಚರಿಸುತ್ತೇವೆ. ಹೆಣ್ಣುಮಕ್ಕಳಿಗೆ ಆಕೆಯ ಹೆಸರನ್ನಿಟ್ಟು ತೊಟ್ಟಿಲು ತೂಗುತ್ತೇವೆ. ಆ ಹೆಸರಿನ ಮಗಳು ಒಬ್ಬಳೇ ದೂರದ ದಾರಿ ಹಿಡಿದಳೆಂದರೆ ಮಾತ್ರ ನಮ್ಮ ಎದೆ ನಡುಗುತ್ತದೆ.

ಈ ಮಾತನ್ನು ಎತ್ತಲು ಕಾರಣವುಂಟು. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಸಮಾಜದ ತಾಯಿಯೊಬ್ಬರು ಒಂದು ಪ್ರಶ್ನೆಯನ್ನು ಮುಂದಿಟ್ಟರು. ಅವರ ಮಗಳು ಓದಿ ನೌಕರಿ ಹಿಡಿದವಳು. ಈಗ ಬಾಡಿಗೆಯ ಕೋಣೆಯನ್ನು ಬಿಟ್ಟು, ತನ್ನ ಕಾರಿನಲ್ಲಿಯೇ ಮಲಗಿ ಏಳುತ್ತ, ಊರಿಂದೂರಿಗೆ ಒಬ್ಬಳೇ ಸಂಚರಿಸುತ್ತ ಬಂಡೆಗಳನ್ನು ಏರುತ್ತಿದ್ದಾಳೆ. “ಊರಿನ ಬಂಧುಗಳು ಕೇಳಿದರೆ ಏನೆಂದು ಹೇಳಲಿ?” ಎಂಬುದು ತಾಯಿಯ ಮೊದಲ ಮಾತು. “ಅವಳಿಗೆ ಏನಾದರೂ ಆದರೆ?” ಎಂಬುದು ಎರಡನೆಯ ಮಾತು. ಮರ್ಯಾದೆಯ ಭಯ ಮೊದಲು ಬಾಯಿಗೆ ಬಂದಿತು, ಜೀವದ ಭಯ ಆಮೇಲೆ. ಇದು ಆ ತಾಯಿಯೊಬ್ಬರ ದೋಷವಲ್ಲ. ನಾವೆಲ್ಲರೂ ಅವರಿಗೆ ಕಲಿಸಿಕೊಟ್ಟ ಪಾಠ. ಆದುದರಿಂದ ಉತ್ತರವೂ ನಮ್ಮೆಲ್ಲರಿಗೂ ಸಲ್ಲಬೇಕಾದುದು.

ಮೊದಲು ಆ ಜೀವನಕ್ರಮವು ಎಂತಹುದೆಂದು ತಿಳಿಯಬೇಕು. ತಿಳಿಯದೆ ನಿಂದಿಸುವುದೂ ತಿಳಿಯದೆ ಹೊಗಳುವುದೂ ಎರಡೂ ಸಲ್ಲದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಯೊಸೆಮಿಟಿ ಎಂಬ ಕಣಿವೆಯಿದೆ. ಅಲ್ಲಿ ಎಲ್ ಕ್ಯಾಪಿಟನ್ ಎಂಬ ಗ್ರಾನೈಟ್ ಶಿಲೆಯ ಗೋಡೆಯು ಕಣಿವೆಯ ನೆಲದಿಂದ ಸುಮಾರು 3000 ಅಡಿ ನೇರವಾಗಿ ಮೇಲೆದ್ದಿದೆ. 1957ರಲ್ಲಿ ಮೊದಲಾದ ಪ್ರಯತ್ನವು ಫಲಿಸಿ, ಮನುಷ್ಯರು ಆ ಗೋಡೆಯನ್ನು ಮೊದಲ ಬಾರಿಗೆ ಪೂರ್ತಿಯಾಗಿ ಏರಿದ್ದು 1958ರ ನವೆಂಬರ್‌ನಲ್ಲಿ. ಅಂದಿನಿಂದ ಕಣಿವೆಯ ‘ಕ್ಯಾಂಪ್ ನಾಲ್ಕು’ ಎಂಬ ಬೀಡು ಶಿಲಾರೋಹಿಗಳಿಗೆ ಕ್ಷೇತ್ರದಂತಾಯಿತು. ಕೈಯಲ್ಲಿ ಕಾಸಿಲ್ಲದ ತರುಣರು ಗುಡಾರಗಳಲ್ಲಿಯೂ ಹಳೆಯ ಕಾರುಗಳಲ್ಲಿಯೂ ಇದ್ದು, ಪ್ರವಾಸಿಗರು ಬಿಸುಟ ಖಾಲಿ ಡಬ್ಬಿಗಳನ್ನು ಆಯ್ದು ಮರಳಿಸಿ, ಬಂದ ಚಿಲ್ಲರೆಯಲ್ಲಿ ಹೊಟ್ಟೆ ಹೊರೆದು ಬಂಡೆ ಏರಿದರು. 2003ರಲ್ಲಿ ಆ ಬೀಡನ್ನು ಅಲ್ಲಿಯ ಸರಕಾರವು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಿತು.

ಇದು ಗಂಡಸರ ಕಥೆ ಮಾತ್ರವೆಂದು ಬಗೆಯಬೇಡಿರಿ. 1973ರಲ್ಲಿ ಬೆವರ್ಲಿ ಜಾನ್ಸನ್ ಮತ್ತು ಸಿಬಿಲ್ ಹೆಕ್ಟೆಲ್ ಎಂಬ ಇಬ್ಬರು ಸ್ತ್ರೀಯರು ಗಂಡಸರ ನೆರವಿಲ್ಲದೆ ಆ ಗೋಡೆಯನ್ನೇರಿದರು. 1978ರಲ್ಲಿ ಜಾನ್ಸನ್ ಒಬ್ಬಳೇ ಏರಿದಳು. ಎಲ್ ಕ್ಯಾಪಿಟನ್ನಿನಲ್ಲಿ ‘ನೋಸ್’ ಎಂಬ ಪ್ರಸಿದ್ಧ ಮಾರ್ಗವೊಂದಿದೆ. ಹಗ್ಗವನ್ನು ಜಗ್ಗಿ ಮೇಲೇರದೆ, ಬಿದ್ದರೆ ರಕ್ಷಣೆಗೆಂದು ಮಾತ್ರ ಅದನ್ನಿಟ್ಟುಕೊಂಡು, ಕೈಕಾಲುಗಳ ಬಲದಿಂದಲೇ ಆ ಮಾರ್ಗವನ್ನು ಏರಲು ಅಂದಿನವರೆಗೆ ಯಾವ ಗಂಡಸಿಗೂ ಆಗಿರಲಿಲ್ಲ. 1993ರಲ್ಲಿ ಅದನ್ನು ಮೊದಲು ಸಾಧಿಸಿದವಳು ಲಿನ್ ಹಿಲ್ ಎಂಬ ಸ್ತ್ರೀ. ಮರುವರ್ಷ ಅದೇ ಮಾರ್ಗವನ್ನು ಒಂದು ದಿನದೊಳಗೆ ಏರಿ ಮುಗಿಸಿದಳು.

ಕಾರಿನ ವಾಸಕ್ಕೆ ಬರೋಣ. ಸ್ಟೆಫ್ ಡೇವಿಸ್ ಎಂಬಾಕೆ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕಾನೂನು ವಿದ್ಯಾಲಯಕ್ಕೆ ಸೇರಿ, ಐದೇ ದಿನಗಳಲ್ಲಿ ಅದನ್ನು ಬಿಟ್ಟಳು. ಅಜ್ಜಿಯಿಂದ ಬಂದ ಹಳೆಯ ಓಲ್ಡ್ಸ್‌ಮೊಬೈಲ್ ಕಾರೇ ಆಕೆಗೆ ಮನೆಯಾಯಿತು. ಹೋಟೆಲಿನಲ್ಲಿ ಊಟ ಬಡಿಸಿ ದುಡಿದಳು. ದುಡಿದುದರಲ್ಲಿ ಬಂಡೆ ಏರಿದಳು. 2004ರಲ್ಲಿ ಎಲ್ ಕ್ಯಾಪಿಟನ್ ಗೋಡೆಯನ್ನು ಕೈಕಾಲುಗಳ ಬಲದಿಂದಲೇ ಒಂದು ದಿನದಲ್ಲಿ ಏರಿದ ಎರಡನೆಯ ಸ್ತ್ರೀಯೆನಿಸಿದಳು. ಮರುವರ್ಷ ಅದೇ ಗೋಡೆಯ ‘ಸಲಾಥೆ’ ಮಾರ್ಗವನ್ನು ಹಾಗೆಯೇ ಏರಿದ ಮೊದಲ ಸ್ತ್ರೀಯಾದಳು. ಆ ಅಜ್ಜಿಯ ಕಾರನ್ನು ಕುರಿತು ತುಸು ಯೋಚಿಸಿರಿ. ಮನೆತನದ ನೆರಳು ಮನೆಯ ಸೂರಿನಿಂದಲೇ ಬೀಳಬೇಕೆಂದಿಲ್ಲ.

ಈ ಜೀವನದಲ್ಲಿ ಸ್ವೇಚ್ಛೆಗಿಂತ ನೇಮವೇ ಹೆಚ್ಚು. ಹಿಂದಿನ ಆಸನವನ್ನು ಮಡಿಚಿ ಹಲಗೆ ಹಾಸಿದರೆ ಅದೇ ಮಂಚ. ಅದರ ಕೆಳಗೆ ಹಗ್ಗ, ಬೂಟು, ಅಕ್ಕಿಬೇಳೆಯ ಡಬ್ಬಿ, ನೀರಿನ ಕ್ಯಾನು. ಒಂದು ವಸ್ತುವನ್ನು ಹೆಚ್ಚಿಗೆ ತಂದರೆ ಕಾಲು ಚಾಚಲು ಸ್ಥಳವಿಲ್ಲ. ಮುಚ್ಚಿದ ಕಾರಿನೊಳಗೆ ಒಲೆ ಹಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷವಾಯು ನಿದ್ರೆಯಲ್ಲಿಯೇ ಪ್ರಾಣ ತೆಗೆಯುತ್ತದೆ; ಆದುದರಿಂದ ಅಡುಗೆ ಹೊರಗೇ ಆಗಬೇಕು. ಯೊಸೆಮಿಟಿಯಲ್ಲಿ ಕರಡಿಗಳು ಆಹಾರದ ವಾಸನೆ ಹಿಡಿದು ಕಾರಿನ ಬಾಗಿಲನ್ನೇ ಮುರಿಯುವುದರಿಂದ, ರಾತ್ರಿಯ ಹೊತ್ತು ಆಹಾರವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಡಬೇಕೆಂಬ ಕಟ್ಟಳೆಯಿದೆ. ಅಲ್ಲಿ ದಾರಿಯ ಬದಿಯಲ್ಲಿ ಕಾರು ನಿಲ್ಲಿಸಿ ಮಲಗುವಂತಿಲ್ಲ. ಗೊತ್ತುಪಡಿಸಿದ ಬೀಡಿನಲ್ಲಿಯೇ ಇರಬೇಕು. ಪಶ್ಚಿಮ ರಾಜ್ಯಗಳ ಬಹುಪಾಲು ಸರಕಾರಿ ಬಯಲುಗಳಲ್ಲಿ ಒಂದು ಸ್ಥಳದಲ್ಲಿ ಸಾಮಾನ್ಯವಾಗಿ 14 ದಿನ ಮೀರಿ ಉಳಿಯುವಂತಿಲ್ಲ. ಚಳಿಗಾಲದಲ್ಲಿ ಜೋಶುವಾ ಟ್ರೀಯ ಮರುಭೂಮಿ, ವಸಂತ ಮತ್ತು ಶರತ್ಕಾಲಗಳಲ್ಲಿ ಯೊಸೆಮಿಟಿ ಕಣಿವೆ, ಬೇಸಿಗೆಯಲ್ಲಿ ಎತ್ತರದ ಟುವಾಲಮಿ ಹುಲ್ಲುಗಾವಲು—ಹೀಗೆ ಋತುವನ್ನನುಸರಿಸಿ ಸಂಚಾರ ಸಾಗುತ್ತದೆ.

ಒಂಟಿ ತರುಣಿಯರಿಗೆ ಇನ್ನೂ ಕೆಲವು ನೇಮಗಳುಂಟು. ಮಲಗುವ ಮುನ್ನ ಚಾಲಕನ ಆಸನವನ್ನು ಖಾಲಿ ಇಡುವುದು, ಕಾರನ್ನು ದಾರಿಯ ಕಡೆಗೆ ಮುಖ ಮಾಡಿ ನಿಲ್ಲಿಸುವುದು, ಕೀಲಿಕೈಯನ್ನು ಕೈಗೆಟಕುವಲ್ಲಿ ಇಡುವುದು, ಮನಸ್ಸೊಪ್ಪದ ಸ್ಥಳವಾದರೆ ಯಾರ ದಾಕ್ಷಿಣ್ಯಕ್ಕೂ ಕಾಯದೆ ಕತ್ತಲಲ್ಲಿಯೇ ಹೊರಟುಬಿಡುವುದು. ಇದ್ದ ಸ್ಥಳವನ್ನು ಲೋಕಕ್ಕೆಲ್ಲ ಸಾರದೆ ನಂಬಿದವರಿಗೆ ಮಾತ್ರ ತಿಳಿಸುವುದೂ ಅದರಲ್ಲಿ ಸೇರಿದೆ.

ಇದೆಲ್ಲವೂ ಜಂಗಮತ್ವವೇ ಎಂದು ಕೇಳಿದರೆ, ಸಂಚರಿಸುವವರೆಲ್ಲ ಜಂಗಮರಲ್ಲ ಎಂದೇ ಹೇಳಬೇಕು. ನಮ್ಮಲ್ಲಿ ಅದಕ್ಕೆ ಒರೆಗಲ್ಲುಗಳಿವೆ. ಮೊದಲನೆಯದು ಕಾಯಕ. ತಾನು ಉಣ್ಣುವುದನ್ನು ತಾನು ದುಡಿಯುತ್ತಾಳೆಯೇ? ಎರಡನೆಯದು ಅಪರಿಗ್ರಹ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮ ಹೇಳಿದ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಮೂರು ಅಂತಸ್ತಿನ ಮನೆಯಲ್ಲಿ ಆ ಕಥೆಯನ್ನು ಕೇಳುವುದಕ್ಕಿಂತ ಒಂದು ಕಾರಿನಲ್ಲಿ ಅಡಗುವಷ್ಟರಲ್ಲಿ ಬಾಳುವುದು ಲಕ್ಕಮ್ಮನಿಗೆ ಹತ್ತಿರವಾದೀತು. ಮೂರನೆಯದು ದಾಸೋಹ. ಯೊಸೆಮಿಟಿಯಲ್ಲಿ ಯಾರಾದರೂ ಬಿದ್ದರೆ ಅವರನ್ನು ಹೊತ್ತು ತರುವ ರಕ್ಷಣಾ ತಂಡದಲ್ಲಿ ಆ ಕ್ಯಾಂಪಿನ ಆರೋಹಿಗಳೇ ಬಹುಕಾಲದಿಂದ ಸೇವೆ ಸಲ್ಲಿಸುತ್ತ ಬಂದಿದ್ದಾರೆ. ಈ ಮೂರರಲ್ಲಿ ನಿಂತವಳ ಸಂಚಾರವನ್ನು ಅಲೆದಾಟವೆಂದು ಹೀಗಳೆಯಲಾಗದು. ಇನ್ನು ಪೂಜೆಯ ಮಾತು. ಅಂಗದ ಮೇಲೆ ಲಿಂಗವನ್ನು ಧರಿಸುವ ಧರ್ಮದವರಿಗೆ ಪೂಜೆಗೆ ಗುಡಿಯೂ ಬೇಡ, ಗೋಡೆಯೂ ಬೇಡ. ಅಂಗೈಯಷ್ಟು ಸ್ಥಳ ಸಾಕು.

ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ಅದೇ ಅಮೆರಿಕದಲ್ಲಿ ಮನೆಯ ಬಾಡಿಗೆ ತೆರಲಾರದೆ ಕಾರಿನಲ್ಲಿ ಮಲಗುವ ಅನೇಕ ಕುಟುಂಬಗಳಿವೆ. ಒಲಿದು ಆಯ್ದುಕೊಂಡ ಬಡತನ ಬೇರೆ, ವಿಧಿಯಿಲ್ಲದೆ ಬಂದ ಬಡತನ ಬೇರೆ. ಮರಳಿ ಹೋಗಲು ಮನೆಯಿರುವವಳು ಅದು ಇಲ್ಲದವರ ಪಕ್ಕದಲ್ಲಿ ಕಾರು ನಿಲ್ಲಿಸುವಾಗ ವಿನಯವನ್ನು ಮರೆಯಬಾರದು.

ಈಗ ಜೀವಭಯದ ಮಾತು. ಅಪಾಯವಿಲ್ಲವೆಂದು ಹೇಳಿ ತಾಯಂದಿರನ್ನು ಸಮಾಧಾನಪಡಿಸುವುದು ಸತ್ಯಕ್ಕೆ ದೂರ. ಲಿನ್ ಹಿಲ್ ಜಗತ್ತಿನ ಶ್ರೇಷ್ಠ ಆರೋಹಿಗಳಲ್ಲಿ ಒಬ್ಬಳಾಗಿದ್ದ 1989ರಲ್ಲಿ, ಫ್ರಾನ್ಸಿನ ಬೂವು ಎಂಬಲ್ಲಿ, ಸೊಂಟದ ಪಟ್ಟಿಗೆ ಹಗ್ಗದ ಗಂಟನ್ನು ಪೂರ್ತಿ ಬಿಗಿಯುವುದನ್ನು ಮರೆತು ಮೇಲೇರಿದಳು. ಇಳಿಯಲೆಂದು ಹಗ್ಗಕ್ಕೆ ಭಾರ ಬಿಟ್ಟಾಗ 70 ಅಡಿಗೂ ಮಿಕ್ಕ ಎತ್ತರದಿಂದ ಕೆಳಗೆ ಬಿದ್ದಳು. ಮರದ ಕೊಂಬೆಗಳು ತಡೆದುದರಿಂದ ಜೀವ ಉಳಿಯಿತು. ಸಾವಿರ ಬಾರಿ ಕಟ್ಟಿದ ಗಂಟು, ಒಂದು ಬಾರಿಯ ಮರೆವು! ಅದಕ್ಕಾಗಿಯೇ ಏರುವ ಮುನ್ನ ಒಬ್ಬರ ಗಂಟನ್ನು ಮತ್ತೊಬ್ಬರು ಮುಟ್ಟಿ ನೋಡುವುದು ಆ ವಿದ್ಯೆಯ ಆಚಾರ.

ಮನುಷ್ಯರಿಂದ ಬರುವ ಅಪಾಯವೂ ಉಂಟು. ಆದರೆ ಅದು ಎಲ್ಲಿಂದ ಬರುತ್ತದೆ ಎಂಬುದರಲ್ಲಿ ನಮ್ಮ ಎಣಿಕೆ ತಪ್ಪುವುದುಂಟು. 2021ರಲ್ಲಿ ಅಮೆರಿಕದಲ್ಲಿ ವ್ಯಾನಿನಲ್ಲಿ ವಾಸಿಸುತ್ತ ದೇಶ ನೋಡುತ್ತಿದ್ದ 22ರ ತರುಣಿಯೊಬ್ಬಳು ಕೊಲೆಯಾದಳು. ಕೊಂದವನು ದಾರಿಯ ಅಪರಿಚಿತನಲ್ಲ. ಜೊತೆಗೇ ಇದ್ದ, ಮದುವೆಗೆ ನಿಶ್ಚಯವಾಗಿದ್ದ ಹುಡುಗ. ಜೊತೆಗೊಬ್ಬ ಗಂಡಸಿದ್ದಾನೆಂಬ ಮಾತ್ರಕ್ಕೆ ನಾವು ನಿಶ್ಚಿಂತರಾಗುವುದು ಸರಿಯೇ ಎಂದು ಪ್ರತಿಯೊಂದು ಮನೆಯೂ ಯೋಚಿಸಬೇಕು.

ಹಾಗಾದರೆ ಮನೆಯವರು ಮಾಡಬೇಕಾದುದೇನು? ಉತ್ತರವು ಶಿಲಾರೋಹಣದ ವಿದ್ಯೆಯಲ್ಲಿಯೇ ಇದೆ. ಒಬ್ಬರು ಬಂಡೆ ಏರುವಾಗ ಮತ್ತೊಬ್ಬರು ಕೆಳಗೆ ನಿಂತು ಹಗ್ಗ ಹಿಡಿಯುತ್ತಾರೆ. ಇದಕ್ಕೆ ‘ಬಿಲೇ’ ಎನ್ನುತ್ತಾರೆ. ಹಗ್ಗ ಹಿಡಿದವರು ಮೇಲಿನವರನ್ನು ಎಳೆದೊಯ್ಯುವುದಿಲ್ಲ, ಕೆಳಗೆ ಜಗ್ಗುವುದೂ ಇಲ್ಲ. ಅವರು ಮೇಲೇರಿದಂತೆ ಹಗ್ಗವನ್ನು ಸಡಿಲಿಸುತ್ತಾರೆ, ಬಿದ್ದರೆ ಬಿಗಿಹಿಡಿಯುತ್ತಾರೆ. ಬಿಗಿಹಿಡಿಯುವ ಕೈಯನ್ನು ಯಾವ ಕಾರಣಕ್ಕೂ ಹಗ್ಗದಿಂದ ತೆಗೆಯಬಾರದು; ಇದು ಮೊದಲ ದಿನದ ಪಾಠ. ಇನ್ನೊಂದು ಸೂಕ್ಷ್ಮವುಂಟು. ಆ ಹಗ್ಗವನ್ನು ಭಾರ ಬಿದ್ದಾಗ ಹಿಗ್ಗುವಂತೆಯೇ ನೇಯ್ದಿರುತ್ತಾರೆ. ಹಿಗ್ಗದ ಹಗ್ಗವು ಎಷ್ಟೇ ಗಟ್ಟಿಯಾಗಿದ್ದರೂ, ಬಿದ್ದವರನ್ನು ಹಿಡಿದು ನಿಲ್ಲಿಸುವ ಪೆಟ್ಟಿನಲ್ಲಿಯೇ ಅವರ ಮೈಯನ್ನು ಮುರಿಯುತ್ತದೆ.

ತಂದೆತಾಯಿಯರ ಪ್ರೀತಿಯೂ ಹಾಗೆಯೇ. “ಈ ಕ್ಷಣ ಮನೆಗೆ ಬಾ, ಇಲ್ಲವಾದರೆ ನೀನು ನಮ್ಮ ಮಗಳಲ್ಲ” ಎನ್ನುವುದು ಹಿಗ್ಗದ ಹಗ್ಗ. “ಏನಾದರೂ ಮಾಡಿಕೋ” ಎಂದು ಮೌನವಾಗುವುದು ಕೈಬಿಟ್ಟ ಹಗ್ಗ. ಮುನಿದ ಮನೆಗೆ ಮಗಳು ಸುಳ್ಳು ಹೇಳಲು ಕಲಿಯುತ್ತಾಳೆ. ಸುಳ್ಳು ಹೇಳಿ ಹೋದವಳು ಎಲ್ಲಿರುವಳೆಂದು ಆಪತ್ತಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಬಂಡೆಗಿಂತ ದೊಡ್ಡ ಅಪಾಯ ಇದೇ.

ಆ ತಾಯಿಗೆ ಹೇಳಿದುದನ್ನು ಎಲ್ಲ ಮನೆಗಳಿಗೂ ಹೇಳುತ್ತೇನೆ. ಮಗಳೊಡನೆ ಒಂದು ಒಪ್ಪಂದ ಮಾಡಿಕೊಳ್ಳಿರಿ. ಯಾವ ಬಂಡೆ, ಯಾರೊಡನೆ, ಯಾವ ಹೊತ್ತಿಗೆ ಮರಳುವುದು ಎಂಬುದನ್ನು ಹೊರಡುವ ಮುನ್ನ ಅವಳು ತಿಳಿಸಲಿ. ಮರಳಿದೊಡನೆ ಒಂದು ಮಾತು ಬರಲಿ. ಗೊತ್ತಾದ ಹೊತ್ತು ಮೀರಿದರೆ ಎಷ್ಟು ಗಂಟೆ ಕಾಯಬೇಕು, ಆಮೇಲೆ ಉದ್ಯಾನದ ರಕ್ಷಕರಿಗೋ ಆ ಜಿಲ್ಲೆಯ ಶೆರಿಫ್ ಕಚೇರಿಗೋ ಯಾವ ಸಂಖ್ಯೆಗೆ ತಿಳಿಸಬೇಕು ಎಂಬುದನ್ನು ಬರೆದಿಡಿರಿ. ಅನೇಕ ಕಣಿವೆಗಳಲ್ಲಿ ಸಾಮಾನ್ಯ ಫೋನು ಎಲ್ಲೆಡೆಯೂ ನಡೆಯದು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಅವಳಲ್ಲಿ ಇಲ್ಲವಾದರೆ, ಮುಂದಿನ ಹುಟ್ಟುಹಬ್ಬಕ್ಕೆ ಬಂಗಾರದ ಬದಲು ಅದನ್ನೇ ಕೊಡಿರಿ. ಪ್ರತಿ ಬಾರಿ ಮಾತನಾಡುವಾಗಲೂ ಮದುವೆಯ ಪ್ರಸ್ತಾಪವನ್ನೆತ್ತಬೇಡಿರಿ. ಎತ್ತಿದರೆ ಫೋನು ಬರುವುದೇ ನಿಂತೀತು. “ಊಟವಾಯಿತೇ? ಗಂಟು ನೋಡಿಕೊಂಡೆಯಾ?” ಎಂದು ಕೇಳಿರಿ.

ಈ ದೃಶ್ಯ ಅಮೆರಿಕಕ್ಕೇ ಸೀಮಿತವೆಂದು ತಿಳಿಯಬೇಕಾಗಿಲ್ಲ. ಶಿವಯೋಗಮಂದಿರದ ದರ್ಶನಕ್ಕೆ ಹೋಗುವ ಭಕ್ತರು ಹತ್ತಿರದ ಬಾದಾಮಿಯಲ್ಲಿ, ಕೆಂಪು ಮರಳುಗಲ್ಲಿನ ಬಂಡೆಗಳ ಬುಡದಲ್ಲಿ, ಹಗ್ಗದ ಸುರುಳಿ ಹೊತ್ತ ತರುಣ ತರುಣಿಯರನ್ನು ಕಂಡಿರಬಹುದು. ದೇಶದ ನಾನಾ ಭಾಗಗಳಿಂದಲೂ ಹೊರದೇಶಗಳಿಂದಲೂ ಅವರು ಅಲ್ಲಿಗೆ ಬರುತ್ತಾರೆ. ಅವರಲ್ಲಿ ಒಂಟಿಯಾಗಿ ಬಂದ ಹುಡುಗಿಯೊಬ್ಬಳು ನಿಮ್ಮ ಬಾಗಿಲಲ್ಲಿ ನೀರು ಕೇಳಿದರೆ, ಯಾರ ಮನೆಯ ಮಗಳೆಂದು ವಿಚಾರಿಸುವ ಮುನ್ನ ನೀರು ಕೊಡಿರಿ, ರೊಟ್ಟಿ ಕೊಡಿರಿ. ನಮ್ಮ ಮಗಳು ಪರದೇಶದ ಕಣಿವೆಯಲ್ಲಿ ಕಾರು ನಿಲ್ಲಿಸಿದಾಗ ಅಲ್ಲಿಯ ತಾಯಿಯೊಬ್ಬರು ಹೀಗೆಯೇ ನಡೆದುಕೊಳ್ಳಲಿ ಎಂದಲ್ಲವೇ ನಾವು ಹಾರೈಸುವುದು?

ಇನ್ನು ಬಂಧುಗಳಿಗೆ ಏನು ಹೇಳಬೇಕೆಂಬ ಪ್ರಶ್ನೆ ಉಳಿಯಿತು. “ನನ್ನ ಮಗಳು ಬಂಡೆ ಏರುತ್ತಾಳೆ, ತನ್ನ ದುಡಿಮೆಯಲ್ಲಿ ಬಾಳುತ್ತಾಳೆ, ಎಲ್ಲಿದ್ದಾಳೆಂಬುದು ನನಗೆ ಗೊತ್ತಿದೆ” ಎಂದು ಹೇಳಿರಿ. ಕೊನೆಯ ಮಾತನ್ನು ಹೇಳಬಲ್ಲ ತಾಯಿ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.