ಯೋಗ್ಯತೆ ಕೇಳದ ಕೃಪೆ



ಮೆಲ್ಲಗೆ ಹೇಳುವ ಹಂತ ದಾಟಿದೆ, ಆದ್ದರಿಂದ ನೇರವಾಗಿಯೇ ಹೇಳುತ್ತೇನೆ. ನಮ್ಮ ಎಷ್ಟೋ ಸಭೆಗಳಲ್ಲಿ ಸುವಾರ್ತೆ ಇರಬೇಕಾದ ಜಾಗದಲ್ಲಿ ಬೇರೊಂದು ಬೋಧನೆ ಬಂದು ಕೂತಿದೆ. ಇನ್ನೂ ಹೆಚ್ಚು ಪ್ರಾರ್ಥಿಸು, ಇನ್ನೂ ಹೆಚ್ಚು ಉಪವಾಸ ಮಾಡು, ಕೋಪ ಬಿಡು, ಚಟ ಬಿಡು, ಆಗ ದೇವರು ನಿನ್ನನ್ನು ಮೆಚ್ಚುತ್ತಾನೆ ಎನ್ನುವ ಬೋಧನೆ ಅದು. ಹೊರೆ ಇಳಿಸಿಕೊಳ್ಳಲು ಆಲಯಕ್ಕೆ ಬಂದವನು ಇನ್ನೊಂದು ಹೊರೆ ಹೊತ್ತುಕೊಂಡು ಮನೆಗೆ ಹೋಗುತ್ತಾನೆ. ಸಾಕ್ಷಿ ಕೂಟಗಳಲ್ಲಿ ಗೆದ್ದವರಷ್ಟೇ ಮೈಕ್ ಹಿಡಿಯುತ್ತಾರೆ. ಸೋತವರು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ, ನಾನು ನಿಜವಾಗಿಯೂ ಕ್ರೈಸ್ತನೇ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ.

ಅವರಿಗೆ ಉತ್ತರ ಕೊಡುವ ಹೊಣೆ ನಮ್ಮ ಮೇಲಿದೆ. ಕ್ರೈಸ್ತ ಎನ್ನುವ ಹೆಸರು ಯಾರ ಸಾಧನೆಗೂ ಸಿಕ್ಕ ಬಿರುದಲ್ಲ. ಅದನ್ನು ದೇವರು ಕೊಟ್ಟನು, ಪುಕ್ಕಟೆಯಾಗಿ ಕೊಟ್ಟನು. ಶಿಲುಬೆಯ ಮೇಲೆ ಅದರ ಪೂರ್ತಿ ಬೆಲೆಯನ್ನು ಕ್ರಿಸ್ತನೇ ತೆತ್ತಿದ್ದರಿಂದ ನಮ್ಮ ಪಾಲಿಗೆ ಅದು ಪುಕ್ಕಟೆಯಾಯಿತು.

ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ಹೊತ್ತನ್ನು ಒಮ್ಮೆ ಹತ್ತಿರದಿಂದ ನೋಡಿ. ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸು. ಅದರ ಟೊಪ್ಪಿಯ ದಾರವನ್ನು ಅಜ್ಜಿ ಬಿಚ್ಚುತ್ತಾಳೆ. ಬೋಧಕರು ಕೂಸನ್ನು ಎಡತೋಳಿನ ಮೇಲೆ ಮಲಗಿಸಿಕೊಂಡು, ಬಲ ಅಂಗೈಯಲ್ಲಿ ನೀರು ತೆಗೆದು, ಹೆಸರು ಹಿಡಿದು ಕರೆದು ನೆತ್ತಿಯ ಮೇಲೆ ಮೂರು ಸಲ ಬಿಡುತ್ತಾರೆ. ತಣ್ಣೀರು ತಾಗಿದ್ದೇ ತಡ, ಕೂಸು ಕಿರುಚಿಕೊಳ್ಳುತ್ತದೆ. ಆ ಕೂಸು ಇನ್ನೂ ಒಂದು ಪ್ರಾರ್ಥನೆ ಮಾಡಿಲ್ಲ, ಒಂದು ವಾಕ್ಯ ಬಾಯಿಪಾಠ ಮಾಡಿಲ್ಲ, ಒಂದು ಕಾಸು ಕಾಣಿಕೆ ಹಾಕಿಲ್ಲ. ಅಷ್ಟರಲ್ಲೇ ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಅದು ದೇವರ ಮನೆಯದಾಯಿತು. ವಯಸ್ಸಿಗೆ ಬಂದ ಮೇಲೆ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆಯುವ ಸಭೆಗಳಲ್ಲೂ ಯಾರೂ ತಮ್ಮನ್ನು ತಾವೇ ಮುಳುಗಿಸಿಕೊಳ್ಳುವುದಿಲ್ಲ. ಇನ್ನೊಬ್ಬರ ಕೈಗೆ ಮೈ ಒಪ್ಪಿಸಿ ಹಿಂದಕ್ಕೆ ಒರಗಬೇಕು, ಅವರೇ ಎತ್ತಬೇಕು. ನಮ್ಮ ಬದುಕಿನ ಮೊದಲ ಸಂಸ್ಕಾರವೇ ಹೀಗಿರುವಾಗ, ಆಮೇಲಿನ ದಿನಗಳಲ್ಲಿ ದೇವರ ಪ್ರೀತಿಗೆ ಕಂತು ಕಟ್ಟಬೇಕೆಂದು ಕಲಿಸಿಕೊಟ್ಟವರು ಯಾರು?

ಹೇಳಿಕೊಳ್ಳಲು ಅರ್ಹತೆ ಇದ್ದ ಮನುಷ್ಯನೆಂದರೆ ಪೌಲ. ಫಿಲಿಪ್ಪಿಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಅವನೇ ಅದರ ಪಟ್ಟಿ ಕೊಡುತ್ತಾನೆ: ಎಂಟನೆಯ ದಿನದ ಸುನ್ನತಿ, ಬೆನ್ಯಾಮೀನನ ಕುಲ, ಫರಿಸಾಯರ ಪಂಥ, ಧರ್ಮಶಾಸ್ತ್ರದ ಪ್ರಕಾರ ಬೆರಳು ತೋರಿಸಲಾಗದ ನಡತೆ. ಕ್ರಿಸ್ತನನ್ನು ಅರಿತ ಮೇಲೆ ಅಷ್ಟನ್ನೂ ಕಸವೆಂದು ಎಣಿಸಿದ. ಅವನ ಪಟ್ಟಿಯಲ್ಲಿ ಕಳ್ಳತನವಿಲ್ಲ, ಕುಡಿತವಿಲ್ಲ. ಅವನು ಕೈಬಿಟ್ಟದ್ದು ತನ್ನ ಒಳ್ಳೆಯತನದ ಮೇಲೆ ಇಟ್ಟಿದ್ದ ಭರವಸೆಯನ್ನು. ಪಾಪವನ್ನು ಬಿಡುವುದಕ್ಕಿಂತ ಇದು ಕಷ್ಟ. ಸಭ್ಯರಾದ ನಮಗಂತೂ ಇನ್ನೂ ಕಷ್ಟ.

ಮಾರ್ಟಿನ್ ಲೂಥರ್ ಆ ಕಷ್ಟವನ್ನು ವರ್ಷಗಟ್ಟಲೆ ಅನುಭವಿಸಿದರು. 1505ರಲ್ಲಿ ಎರ್ಫರ್ಟ್‌ನ ಅಗಸ್ಟಿನಿಯನ್ ಮಠ ಸೇರಿ, ಉಪವಾಸ, ಜಾಗರಣೆ, ಚಳಿಯಲ್ಲಿ ನಡುಗುವ ಪ್ರಾರ್ಥನೆ ಎಲ್ಲವನ್ನೂ ಮಾಡಿದರು. ಹೇಳದೆ ಉಳಿದ ಪಾಪವೊಂದು ಇದ್ದೀತೆಂಬ ಭಯಕ್ಕೆ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದರು. ಮಠದ ಹಿರಿಯರಾದ ಸ್ಟೌಪಿಟ್ಜ್ ಅವರು ಎಷ್ಟು ಸಮಾಧಾನ ಹೇಳಿದರೂ ನೆಮ್ಮದಿ ಸಿಗಲಿಲ್ಲ. ದೇವರ ನೀತಿ ಎಂದರೆ ಪಾಪಿಗಳನ್ನು ತೂಗಿ ಶಿಕ್ಷಿಸುವ ಅಳತೆಗೋಲು ಎಂದೇ ಅವರು ನಂಬಿದ್ದರು, ಅದಕ್ಕಾಗಿ ದೇವರನ್ನು ಒಳಗೊಳಗೇ ದ್ವೇಷಿಸುತ್ತಿದ್ದುದನ್ನೂ ಮುಂದೆ 1545ರಲ್ಲಿ ಬರೆದುಕೊಂಡರು. ವಿಟೆನ್‌ಬರ್ಗ್‌ನಲ್ಲಿ ಕೀರ್ತನೆಗಳನ್ನೂ ರೋಮಾಪುರದವರಿಗೆ ಬರೆದ ಪತ್ರವನ್ನೂ ಪಾಠ ಹೇಳುತ್ತಾ ಅವರಿಗೆ ಬೇರೆಯೇ ಸತ್ಯ ತೆರೆದುಕೊಂಡಿತು: ಆ ನೀತಿಯನ್ನು ದೇವರು ಪಾಪಿಗೆ ದಾನವಾಗಿ ಕೊಡುತ್ತಾನೆ, ಪಾಪಿ ಅದನ್ನು ನಂಬಿಕೆಯಿಂದ ತೆಗೆದುಕೊಳ್ಳುತ್ತಾನೆ. ಕ್ಷಮೆಯನ್ನು ಹಣಕ್ಕೆ ಮಾರುವ ಪತ್ರಗಳ ವಿರುದ್ಧ 1517ರಲ್ಲಿ ಅವರು ದನಿ ಎತ್ತಿದ್ದರ ಹಿಂದೆ ಈ ಸಂಕಟವಿತ್ತು.

ಕೃಪೆಯ ಈ ಸತ್ಯ ಪ್ರಾಟೆಸ್ಟೆಂಟರ ಖಾಸಗಿ ಸ್ವತ್ತು ಎಂದು ಯಾರೂ ತಿಳಿಯಬೇಡಿ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕ್ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಪುಣ್ಯದ ಲೆಕ್ಕವೂ ಇಲ್ಲದೆ, ಕೃಪೆಯೊಂದರಿಂದಲೇ ದೇವರು ನಮ್ಮನ್ನು ಅಂಗೀಕರಿಸುತ್ತಾನೆಂದು ಇಬ್ಬರೂ ಒಟ್ಟಿಗೆ ಒಪ್ಪಿಕೊಂಡರು. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳವರು ಅದಕ್ಕೆ ದನಿಗೂಡಿಸಿದರು. ಕಾಗದದ ಮೇಲೆ ಒಪ್ಪಿಕೊಂಡದ್ದನ್ನು ಪ್ರತಿ ಭಾನುವಾರ ಮರೆಯುತ್ತಿದ್ದೇವೆ, ಅಷ್ಟೇ.

ಎಲ್ಲಿ ಮರೆಯುತ್ತಿದ್ದೇವೆ? ಬೇರೆಲ್ಲೂ ಅಲ್ಲ, ಪ್ರಭು ಭೋಜನದ ಮೇಜಿನ ಮುಂದೆಯೇ. ಸಾಲುಸಾಲಾಗಿ ಜನ ಎದ್ದು ಹೋಗುವಾಗ ಕೆಲವರು ಮಂಡಿ ಸರಿಸಿ ಪಕ್ಕದವರಿಗೆ ದಾರಿ ಬಿಟ್ಟು, ಹಾಡಿನ ಪುಸ್ತಕದಲ್ಲಿ ಕಣ್ಣು ನೆಟ್ಟು ಕೂತೇ ಇರುತ್ತಾರೆ. ಕೇಳಿದರೆ, ನನಗೆ ಯೋಗ್ಯತೆ ಇಲ್ಲ ಎನ್ನುತ್ತಾರೆ. ಅಯೋಗ್ಯವಾಗಿ ತಿನ್ನಬಾರದೆಂದು ಪೌಲನು ಕೊರಿಂಥದವರಿಗೆ ಬರೆದ ಎಚ್ಚರಿಕೆಯನ್ನು ಅವರ ಕಿವಿಯಲ್ಲಿ ತುಂಬಿದವರು ನಾವು. ಆ ಅಧ್ಯಾಯವನ್ನು ಪೂರ್ತಿ ಓದಿ. ಕೊರಿಂಥದಲ್ಲಿ ಉಳ್ಳವರು ತಮ್ಮ ಊಟವನ್ನು ಮುಂಚೆಯೇ ಮುಗಿಸುತ್ತಿದ್ದರು, ಇಲ್ಲದವರು ಹಸಿದು ನಿಲ್ಲುತ್ತಿದ್ದರು. ಒಬ್ಬ ಹಸಿದಿದ್ದರೆ ಇನ್ನೊಬ್ಬ ಕುಡಿದು ಮತ್ತನಾಗಿರುತ್ತಿದ್ದ. ಬಡವರನ್ನು ನಾಚಿಕೆಪಡಿಸಿದ ಆ ದರ್ಪವನ್ನು ಪೌಲ ಖಂಡಿಸಿದ. ಉಳ್ಳವರ ದರ್ಪಕ್ಕೆ ಹಾಕಿದ ಆ ಏಟನ್ನು ನಾವು ತಿರುಗಿಸಿ, ಅಳುತ್ತಾ ಕೂತ ದುರ್ಬಲನ ಬೆನ್ನಿಗೆ ಹಾಕುತ್ತಿದ್ದೇವೆ. ಇದಕ್ಕಿಂತ ದೊಡ್ಡ ಅನ್ಯಾಯ ಯಾವುದು?

ಹಾಗಾದರೆ ಹೇಗೆ ಬೇಕಾದರೂ ಬದುಕಬಹುದೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕೆ ಯೆರಿಕೋವಿನ ಜಕ್ಕಾಯನನ್ನು ನೋಡಿ. ಸುಂಕದವರ ಮುಖ್ಯಸ್ಥ, ಊರಿನವರ ಶಾಪ ಹೊತ್ತವನು. ಅವನು ಬದಲಾದ ಮೇಲೆ ಯೇಸು ಅವನ ಮನೆಗೆ ಹೋದನೇ? ಅವನಿನ್ನೂ ಮರದ ಮೇಲಿದ್ದಾಗಲೇ ಯೇಸು ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳುತ್ತೇನೆಂದನು. ಆಮೇಲೆ ಜಕ್ಕಾಯನು ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಬಿಟ್ಟ, ವಂಚಿಸಿದ್ದನ್ನು ನಾಲ್ಕರಷ್ಟು ಹಿಂದಿರುಗಿಸಲು ಒಪ್ಪಿದ. ಮೊದಲು ಅತಿಥಿ ಬಂದನು, ಬದಲಾವಣೆ ಅವನ ಹಿಂದೆ ಬಂತು. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಸುವಾರ್ತೆ ಸತ್ತಂತೆ. ಕೃಪೆಯ ಹೆಸರಿನಲ್ಲಿ ಸೋಮಾರಿಯಾಗುವವರನ್ನು ಜರ್ಮನ್ ಬೋಧಕ ಡೀಟ್ರಿಕ್ ಬೊನ್‌ಹೋಫರ್ 1937ರ ಪುಸ್ತಕದಲ್ಲಿ ಕಟುವಾಗಿ ಎಚ್ಚರಿಸಿದರು, ಹಿಟ್ಲರನನ್ನು ಎದುರಿಸಿ 1945ರ ಏಪ್ರಿಲ್ 9ರಂದು ಗಲ್ಲಿಗೇರಿದರು. ಕೃಪೆ ಮನುಷ್ಯನನ್ನು ಸುಮ್ಮನೆ ಕೂರಿಸುವುದಿಲ್ಲ ಎನ್ನುವುದಕ್ಕೆ ಆ ಬದುಕೇ ಸಾಕ್ಷಿ.

ಕನ್ನಡ ಕ್ರೈಸ್ತರಾದ ನಮಗೆ ಇನ್ನೊಂದು ಮಾತು. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದನ್ನು, 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು, 1894ರ ಕಿಟೆಲ್ ನಿಘಂಟನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ನಾಡಿಗೆ ಸಂದ ಆ ಸೇವೆ ದೊಡ್ಡದು, ನೆನೆಯಬೇಕು. ಆದರೆ ನಾವು ಯಾರು ಎನ್ನುವ ಪ್ರಶ್ನೆಗೆ ಅದು ಉತ್ತರವಾಗದು. ಮನೆತನ, ಶಾಲೆ, ಇಂಗ್ಲಿಷು, ಮಿಶನ್ನಿನ ಹಿರಿಮೆ ಯಾವುದೂ ಉತ್ತರವಾಗದು. ವಧೂವರರ ಜಾಹೀರಾತಿನಲ್ಲಿ ಕ್ರೈಸ್ತ ಎಂದು ಬರೆದ ಪಕ್ಕದಲ್ಲೇ ಪೂರ್ವಿಕರ ಜಾತಿಯನ್ನೂ ಬರೆಯುವವರು ನಮ್ಮಲ್ಲಿದ್ದಾರೆ. ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲವೆಂದು ಗಲಾತ್ಯದವರಿಗೆ ಬರೆದ ಪತ್ರವನ್ನು ಓದಿಸಿ, ಮದುವೆಯ ಮಾತು ಬಂದಾಗ ಕುಲ ವಿಚಾರಿಸುವುದು ಕೃಪೆಗೆ ಮಾಡುವ ಅವಮಾನ. ಎಲ್ಲರೂ ದಾನದಿಂದ ಬದುಕುವ ಮನೆಯಲ್ಲಿ ಮೇಲು ಯಾರು, ಕೀಳು ಯಾರು?

ಆದ್ದರಿಂದ ಬೇಡಿಕೊಳ್ಳುತ್ತೇನೆ. ಬೋಧಕರೇ, ಕ್ರಿಸ್ತನು ಮಾಡಿ ಮುಗಿಸಿದ್ದನ್ನು ಹೇಳುವ ಮೊದಲು ನಾವು ಮಾಡಬೇಕಾದ್ದನ್ನು ಹೇಳಬೇಡಿ. ಸಭೆಯ ಹಿರಿಯರೇ, ಬಿದ್ದವನ ಮನೆಗೆ ನೀವಾಗಿಯೇ ಹೋಗಿ. ಅವನು ಸುಧಾರಿಸಿಕೊಂಡು ಬರಲೆಂದು ಕಾಯಬೇಡಿ. ತಂದೆತಾಯಿಗಳೇ, ಪರೀಕ್ಷೆಯಲ್ಲಿ ಫೇಲಾದ ಮಗಳು, ದಾರಿ ತಪ್ಪಿದ ಮಗ ನಿಮ್ಮ ಬಾಯಿಂದ ಮೊದಲು ಕೇಳಬೇಕಾದದ್ದು, ನೀನು ನಮ್ಮವಳು, ನೀನು ನಮ್ಮವನು ಎಂಬ ಮಾತನ್ನು. ಆ ಮಾತು ಮನೆಯಲ್ಲಿ ಕೇಳದ ಮಗುವಿಗೆ ಪರಲೋಕದ ತಂದೆಯನ್ನು ನಂಬುವುದು ಬಹಳ ಕಷ್ಟ.

ದಣಿದು ಕೂತ ಸಹೋದರನೇ, ಸಹೋದರಿಯೇ, ನಿಮಗೆ ಕೊನೆಯ ಮಾತು. ನೀವು ಸರಿಹೋದ ಮೇಲೆ ದೇವರ ಮಕ್ಕಳಾಗುವುದಿಲ್ಲ. ಕ್ರಿಸ್ತನ ದೆಸೆಯಿಂದ ಈಗಲೇ ಆಗಿದ್ದೀರಿ. ಇದನ್ನು ನಂಬಿ; ಸರಿಹೋಗುವ ಕೆಲಸವನ್ನು ದೇವರೇ ನಿಮ್ಮೊಂದಿಗೆ ಕೂತು ಮಾಡುತ್ತಾನೆ.