ಐದು ಗಿರಿಯೋ, ಒಂದು ಹಗಲೋ?

ಅಂತಿಮ ಬಿ.ಎ. ವಿದ್ಯಾರ್ಥಿನಿ, ರಾಜಘಟ್ಟ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವೆಲ್ಲರೂ ಪರೀಕ್ಷೆಯ ಪ್ರಬಂಧಗಳಲ್ಲಿ ಧಾರಾಳವಾಗಿ ಬಳಸಿ ಅಂಕ ಗಳಿಸಿದ್ದೇವೆ. ಆದರೆ ನಿಜವಾದ ಬೆಟ್ಟವೊಂದನ್ನು ಹತ್ತಲು ಹೊರಟಾಗ ಆ ಗಾದೆ ಯಾರಿಗೂ ನೆನಪಾಗುವುದಿಲ್ಲ. ಈ ವರ್ಷ ನಮ್ಮ ಕಾಲೇಜಿನಲ್ಲಿ ಪಂಚಗಿರಿ ಯಾತ್ರೆಯ ಮಾತು ಬಲವಾಗಿ ನಡೆದಿದೆ. ನಂದಿಯ ಸುತ್ತಲಿನ ಐದು ಗಿರಿಗಳ ನೆತ್ತಿಯನ್ನೂ ಒಂದೇ ಹಗಲಿನಲ್ಲಿ ಮುಟ್ಟಿ ಬರಬೇಕೆಂಬುದು ಉತ್ಸಾಹಿ ಮಿತ್ರರ ಸಂಕಲ್ಪ. ಅದಕ್ಕೆ ಎದುರಾಗಿ ಬರೆಯುತ್ತಿರುವುದಕ್ಕೆ ಅವರು ನನ್ನನ್ನು ಮನ್ನಿಸಬೇಕು. ನನ್ನ ವಾದ ಇಷ್ಟೆ: ಕಾಲೇಜಿನ ನಡಿಗೆಗೆ ಎರಡು ಗಿರಿಗಳು ಸಾಕು, ಮತ್ತು ಅದರ ಯೋಜನೆಯನ್ನು ಬೆಳಗಿನಿಂದಲ್ಲ, ಸಂಜೆಯಿಂದ ಹಿಂದಕ್ಕೆ ಎಣಿಸುತ್ತ ಹಾಕಬೇಕು.

ಮೊದಲು ಈ ಐದು ಯಾವುವು? ನಂದಿಗಿರಿ, ಬ್ರಹ್ಮಗಿರಿ, ಕಳವಾರದ ಬೆಟ್ಟವೆಂದು ನಾವು ಕರೆಯುವ ಸ್ಕಂದಗಿರಿ, ಇವುಗಳ ವಿಷಯದಲ್ಲಿ ತಕರಾರಿಲ್ಲ. ಉಳಿದೆರಡಕ್ಕೆ ಚನ್ನಗಿರಿ, ಹೇಮಗಿರಿ, ದಿವ್ಯಗಿರಿ ಎಂದು ಒಬ್ಬೊಬ್ಬರದು ಒಂದೊಂದು ಪಟ್ಟಿ. ಸಂಖ್ಯೆಯ ಮೇಲೆ ಇಷ್ಟು ಹಟ ಹಿಡಿದಿರುವ ಮಿತ್ರರು ಇನ್ನೂ ಹೆಸರುಗಳ ಮೇಲೆ ಒಮ್ಮತಕ್ಕೆ ಬಂದಿಲ್ಲವೆಂಬುದನ್ನು ಇಲ್ಲಿ ಸುಮ್ಮನೆ ಗುರುತಿಸಿ ಮುಂದೆ ಹೋಗುತ್ತೇನೆ.

ಈ ಯಾತ್ರೆಯ ಸುದ್ದಿಯನ್ನು ಮನೆಯಲ್ಲಿ ಹೇಳಿದಾಗ ನಮ್ಮ ತಾಯಿ ನಕ್ಕರು. “ಹುಲ್ಲಿಗೆ ಹೋದ್ರೆ ಒಂದು ಹೊರೆನಾದ್ರೂ ಬತ್ತದೆ. ಬರಿಗೈಲಿ ವಾಪಸ್ಸು ಬರಕ್ಕೆ ಅಷ್ಟು ದೂರ ಹೋಯ್ತೀರಾ?” ಎಂದರು. ಆಮೇಲೆ ಅವರು ಕೇಳಿದ ಪ್ರಶ್ನೆ ಒಂದೇ: “ಎಷ್ಟೊತ್ತಿಗೆ ಬತ್ತೀಯ?” ಎಷ್ಟು ಬೆಟ್ಟ, ಎಷ್ಟು ಎತ್ತರ ಎಂದು ಅವರು ಕೇಳಲಿಲ್ಲ. ಬೆಟ್ಟದ ನಡಿಗೆಯನ್ನು ಯೋಜಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ ಎಂದು ನನಗೆ ತೋರುತ್ತದೆ.

ಲೆಕ್ಕವನ್ನೇ ಹಾಕಿ ನೋಡೋಣ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರವನ್ನು ಕೊಟ್ಟನು: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಏರಿದ ಪ್ರತಿ 2000 ಅಡಿಗೆ ಮತ್ತೊಂದು ಗಂಟೆ. ನಂದಿಯ ಎತ್ತರ 4851 ಅಡಿ. ಸುತ್ತಲಿನ ಬಯಲು ಸುಮಾರು 3000 ಅಡಿಯಷ್ಟು ಎತ್ತರದಲ್ಲಿರುವುದರಿಂದ ನಾವು ನಿಜವಾಗಿ ಹತ್ತುವುದು 1800 ಅಡಿಗೆ ಸ್ವಲ್ಪ ಹೆಚ್ಚು. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆದರೆ ಈ ಗಿರಿಗಳು ಒಂದೇ ಗೋಡೆಯ ಮೇಲಿನ ತೆನೆಗಳಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕಣಿವೆಗೆ ಇಳಿದು, ದ್ರಾಕ್ಷಿ ತೋಟದ ಬೇಲಿಗಳನ್ನು ಬಳಸಿ, ಮತ್ತೆ ಬುಡದಿಂದ ಹತ್ತಬೇಕು. ಒಂದೊಂದಕ್ಕೆ 1500 ಅಡಿಯೆಂದರೂ ಐದಕ್ಕೆ 7500 ಅಡಿ. ಏರುವುದಕ್ಕೇ ಮುಕ್ಕಾಲು ಗಂಟೆ ಸೇರಿ ಮೂರು ಗಂಟೆಯ ಹೆಚ್ಚುವರಿ. ಸುತ್ತುಬಳಸಿ ಹದಿನೆಂಟು ಮೈಲಿಯೆಂದು ಇಟ್ಟುಕೊಂಡರೆ ನಡೆಯಲು ಆರು ಗಂಟೆ. ಒಟ್ಟು ಒಂಬತ್ತೂಮುಕ್ಕಾಲು ಗಂಟೆ. ಡಿಸೆಂಬರಿನ ಹಗಲು ನಮ್ಮಲ್ಲಿ ಹನ್ನೊಂದೂವರೆ ಗಂಟೆಯೂ ಇಲ್ಲ. ಉಳಿಯುವ ಒಂದೂವರೆ ಗಂಟೆಯಲ್ಲಿ ನಲವತ್ತು ಜನ ಬುತ್ತಿ ಬಿಚ್ಚಿ ಉಣ್ಣಬೇಕು, ದಾರಿ ತಪ್ಪಿ ಸರಿಪಡಿಸಿಕೊಳ್ಳಬೇಕು, ಚಪ್ಪಲಿ ಕಿತ್ತುಹೋದವರಿಗೆ ಕಾಯಬೇಕು, ಬಂಡೆಗೊಂದರಂತೆ ಛಾಯಾಚಿತ್ರ ತೆಗೆಸಿಕೊಳ್ಳಬೇಕು. ನೇಸ್ಮಿತ್‌ನ ಲೆಕ್ಕವಾದರೋ ಗಟ್ಟಿಮುಟ್ಟಾದ ನಡಿಗೆಗಾರರಿಗೆ ಸಂಬಂಧಿಸಿದ್ದು. ವಿರಾಮವನ್ನು ಅದರಲ್ಲಿ ಸೇರಿಸಿಲ್ಲ.

“ಕತ್ತಲಾದರೆ ಏನಾಯಿತು, ಕೈಯಲ್ಲಿ ಬೆಳಕಿದೆ” ಎಂದು ಒಬ್ಬ ಮಿತ್ರರು ಹೇಳಿದರು. ಅವರ ಮನೆ ಪೇಟೆಯಲ್ಲಿದೆ. ನಮ್ಮಲ್ಲಿ ಅರ್ಧಕ್ಕೂ ಹೆಚ್ಚಿನವರು ಹಳ್ಳಿಗಳಿಂದ ಬರುವವರು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಮ್ಮಂಥ ಹುಡುಗಿಯರಿಗೆ ಬಸ್ಸಿನ ಛಾರ್ಜು ಅಡ್ಡಿಯಲ್ಲ, ನಿಜ. ಆದರೆ ಬಸ್ಸೇ ಇಲ್ಲದ ಹೊತ್ತಿನಲ್ಲಿ ಉಚಿತ ಚೀಟಿಯಿಂದ ಏನು ಬಂತು? ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತೇನೆಂಬ ಮಾತಿನ ಮೇಲೆ ಕಾಲೇಜಿಗೆ ಬರುತ್ತಿರುವವರು ನಾವು. ಒಂದು ಸಲ ಆ ಮಾತು ತಪ್ಪಿದರೆ ನಿಲ್ಲುವುದು ಬೆಟ್ಟದ ನಡಿಗೆಯಲ್ಲ, ಓದು. ಐದು ಗಿರಿಗಳ ಯೋಜನೆಯಲ್ಲಿ ಹುಡುಗಿಯರು ಬೇಡವೆಂದು ಯಾರೂ ಬರೆದಿಲ್ಲ, ಬರೆಯದೆಯೇ ಹೊರಗಿಟ್ಟಂತಾಗಿದೆ. ಹಾಗೆಯೇ ಭಾನುವಾರ ಕೂಲಿಗೋ ಮಗ್ಗಕ್ಕೋ ಹೋಗುವ ಹುಡುಗರೂ ಇದ್ದಾರೆ. ಅವರ ಕಾಲು ಉಳುಕಿದರೆ ಮನೆಯ ಒಂದು ವಾರದ ಸಂಪಾದನೆಯೇ ಉಳುಕುತ್ತದೆ.

ಅಪಾಯದ ಮಾತು ಬರಿಯ ಹೆದರಿಕೆಯದಲ್ಲ. 2022ರ ಫೆಬ್ರವರಿಯಲ್ಲಿ ಬ್ರಹ್ಮಗಿರಿಯ ಬಂಡೆಯಿಂದ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೊಬ್ಬನು ಜಾರಿ ಸುಮಾರು 300 ಅಡಿ ಕೆಳಗೆ ಬಿದ್ದು ಸಿಕ್ಕಿಕೊಂಡನು. ಅವನನ್ನು ಎತ್ತಿ ತರಲು ವಾಯುಸೇನೆಯ ಹೆಲಿಕಾಪ್ಟರೇ ಬರಬೇಕಾಯಿತು. ಅವನು ಉಳಿದದ್ದು ನಮ್ಮೆಲ್ಲರ ಸಂತೋಷ. ಆದರೆ ಅವನು ಒಬ್ಬನೇ ಹೋಗಿದ್ದನು ಎಂಬುದನ್ನು ಮರೆಯಬಾರದು. 2021ರ ಆಗಸ್ಟಿನಲ್ಲಿ ಒಂದೇ ರಾತ್ರಿಯ ಮಳೆಗೆ ಗುಡ್ಡ ಕುಸಿದು ನಂದಿಯ ರಸ್ತೆಯೇ ಮುಚ್ಚಿಹೋಯಿತು. ಆದುದರಿಂದ ಮಳೆಗಾಲ ಬೇಡ. ಬೇಸಗೆಯೂ ಬೇಡ, ಹನ್ನೊಂದು ಗಂಟೆಯ ಮೇಲೆ ಬಂಡೆ ಹೆಂಚಿನಂತೆ ಕಾಯುತ್ತದೆ, ಒಣ ಹುಲ್ಲು ಕಾಲಡಿಯಲ್ಲಿ ಜಾರುತ್ತದೆ, ದೊಣೆಗಳಲ್ಲಿ ನೀರಿರುವುದಿಲ್ಲ.

ಇಷ್ಟೆಲ್ಲ ಎಚ್ಚರಿಕೆ ವಹಿಸಿದರೆ ಸಾಹಸವೆಲ್ಲಿ ಉಳಿಯಿತು ಎನ್ನಬಹುದು. ಇಂಗ್ಲೆಂಡಿನ ಸರೋವರ ಸೀಮೆಯಲ್ಲಿ ವಸತಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ ಎಂಬುವನು 1932ರ ಜೂನಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳೊಳಗೆ ನಲವತ್ತೆರಡು ಶಿಖರಗಳನ್ನು ಸುತ್ತಿ ಬಂದನೆಂದು ನಮ್ಮ ಮಿತ್ರರು ಉದಾಹರಿಸುತ್ತಾರೆ. ಸಂತೋಷ. ಆದರೆ ಅವನಿಗೆ ಆ ಬೆಟ್ಟಗಳ ಪರಿಚಯ ಚೆನ್ನಾಗಿತ್ತು. ಜೊತೆಗೂಡಿ ನಡೆಯಲು ಗೆಳೆಯರಿದ್ದರು. ಜೂನಿನಲ್ಲಿ ಅಲ್ಲಿಯ ಹಗಲು ಹದಿನೇಳು ಗಂಟೆ! ಅವನ ಸಾಹಸ ಅವನ ಸಿದ್ಧತೆಯ ಮೇಲೆ ನಿಂತಿತ್ತು. ನಮ್ಮದು ಕಾಲೇಜಿನ ನಡಿಗೆ. ಅದು ದಾಖಲೆಯ ಓಟವಾದರೆ ನಾಲ್ವರು ಗುರಿ ಮುಟ್ಟುತ್ತಾರೆ, ಮೂವತ್ತಾರು ಮಂದಿ ಕಣಿವೆಯಲ್ಲಿ ಕುಳಿತಿರುತ್ತಾರೆ.

ಆ ಎರಡು ಗಿರಿಗಳು ಯಾವುವೆಂದರೆ, ಚನ್ನಗಿರಿ ಮತ್ತು ನಂದಿ. ಇದರಲ್ಲಿ ನಮ್ಮ ತಾಲ್ಲೂಕಿನ ಅಭಿಮಾನವೂ ಸ್ವಲ್ಪ ಸೇರಿದೆಯೆಂದು ಹೇಳುವವರು ಹೇಳಲಿ. ಈ ಎರಡರ ಆಸುಪಾಸಿನಲ್ಲಿ ಮೂರು ನದಿಗಳ ಮೂಲವಿದೆ. ಉತ್ತರ ಪಿನಾಕಿನಿ ಆಂಧ್ರವನ್ನು ಹಾಯ್ದು ನೆಲ್ಲೂರಿನ ಬಳಿ ಕಡಲು ಸೇರುತ್ತದೆ. ದಕ್ಷಿಣ ಪಿನಾಕಿನಿ ತಮಿಳುನಾಡಿನಲ್ಲಿ ಕಡಲೂರಿನ ಬಳಿ ಸೇರುತ್ತದೆ. ನಮ್ಮ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಗಿಳಿದು, ಹೆಸರಘಟ್ಟವನ್ನು ಹಾಯ್ದು, ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಒಂದು ಕಾಲಕ್ಕೆ ಬೆಂಗಳೂರಿಗೇ ಕುಡಿಯುವ ನೀರು ಕೊಟ್ಟ ಈ ಹೊಳೆಯಲ್ಲಿ ನಮ್ಮ ತಾಲ್ಲೂಕಿನ ಮಟ್ಟಿಗೆ ಈಗ ಹರಿವೆಂಬುದು ಅಪರೂಪ. ಅದು ಹುಟ್ಟುವ ನೆಲ ಎಂಥದು, ಕೆರೆಗಳ ಸಾಲು ಯಾವ ದಿಕ್ಕಿಗೆ ಇಳಿಯುತ್ತದೆ, ಎಲ್ಲಿ ಕಾಲುವೆ ಮುಚ್ಚಿಹೋಗಿದೆ ಎಂಬುದನ್ನು ಮೇಲಿನಿಂದ ನೋಡಿದರೆ ಒಂದು ನೋಟಕ್ಕೆ ತಿಳಿಯುತ್ತದೆ. ನಮ್ಮೂರಿನ ದಿನ್ನೆಯಲ್ಲಿ 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ಉತ್ಖನನ ಮಾಡಿ ಬೌದ್ಧ ಚೈತ್ಯ ವಿಹಾರಗಳ ಅವಶೇಷಗಳನ್ನು ಹೊರತೆಗೆದರಷ್ಟೆ. ಆ ಭಿಕ್ಷುಗಳು ಕಂಡಿದ್ದ ಬಯಲನ್ನು ಚರಿತ್ರೆಯ ವಿದ್ಯಾರ್ಥಿಗಳು ಎತ್ತರದಿಂದ ಕಾಣಲಿ. ಇದಕ್ಕೆಲ್ಲ ನೆತ್ತಿಯ ಮೇಲೆ ಅರ್ಧ ಗಂಟೆಯಾದರೂ ಕುಳಿತಿರಬೇಕು. ಐದು ಗಿರಿಯವರಿಗೆ ಆ ಅರ್ಧ ಗಂಟೆ ಎಲ್ಲಿಂದ ಬರಬೇಕು?

ಈಗ ಸಂಜೆಯಿಂದ ಎಣಿಸೋಣ. ಆರು ಗಂಟೆಗೆ ಎಲ್ಲರೂ ಮನೆಯಲ್ಲಿರಬೇಕು. ಆದ್ದರಿಂದ ನಾಲ್ಕಕ್ಕೆ ನಂದಿ ಗ್ರಾಮದ ಭೋಗನಂದೀಶ್ವರನ ಗುಡಿಯ ಮುಂದೆ ಸೇರಬೇಕು. ಹನ್ನೆರಡು ಮೈಲಿಗೆ ನಾಲ್ಕು ಗಂಟೆ, ಎರಡು ಬೆಟ್ಟಗಳ 3300 ಅಡಿ ಏರಿಗೆ ಒಂದು ಗಂಟೆ ನಲವತ್ತು ನಿಮಿಷ. ಅದನ್ನು ನಮ್ಮ ನಡಿಗೆಗೆ ಒಂದೂವರೆ ಪಟ್ಟು ಮಾಡಿದರೆ ಎಂಟೂವರೆ ಗಂಟೆ. ಅಂದರೆ ಏಳೂವರೆಗೆ ಚನ್ನಗಿರಿಯ ಬುಡ. ನೆರಳಿಲ್ಲದ ಬೆಟ್ಟವನ್ನು ತಂಪು ಹೊತ್ತಿನಲ್ಲಿ ಮುಗಿಸಿ, ಕಣಿವೆಗಿಳಿದು, ರಸ್ತೆಯ ಬದಿಯಲ್ಲಿಯೇ ನಂದಿಯನ್ನು ಹತ್ತುವುದು. ರಮ್ಯವಾದ ದಾರಿಯಲ್ಲ, ಆದರೆ ತಪ್ಪುವ ದಾರಿಯೂ ಅಲ್ಲ. ಇಳಿಯುವುದಕ್ಕೆ ಸುಲ್ತಾನಪೇಟೆಯ ಮೆಟ್ಟಿಲುಗಳಿವೆ. ಮಧ್ಯಾಹ್ನ ಹನ್ನೆರಡಕ್ಕೆ ನಂದಿಯ ಏರು ಆರಂಭವಾಗದಿದ್ದರೆ ನಂದಿಯನ್ನು ಬಿಟ್ಟುಬಿಡಬೇಕು. ಇದನ್ನು ಹೊರಡುವ ಮುನ್ನವೇ ಎಲ್ಲರೂ ಒಪ್ಪಿಕೊಂಡಿರಬೇಕು, ಬಿಸಿಲಿನಲ್ಲಿ ನಿಂತು ಚರ್ಚಿಸತಕ್ಕದ್ದಲ್ಲ. ಸ್ಕಂದಗಿರಿಯನ್ನು ಅರಣ್ಯ ಇಲಾಖೆಯಲ್ಲಿ ಮುಂಗಡವಾಗಿ ಚೀಟಿ ಪಡೆದು ಇನ್ನೊಂದು ದಿನ ನೋಡೋಣ. ತಲೆಗೆ ಎರಡು ಲೀಟರು ನೀರು, ಕಟ್ಟಿಗೆ ಉರಿಸುವ ಅಡಿಗೆ ಬೇಡ, ಹೆಜ್ಜೇನಿರುವ ಬಂಡೆಯ ಕಡೆಗೆ ಹೊಗೆಯೂ ಗದ್ದಲವೂ ಬೇಡ. ಆಡು ಕಾಯುವವರು ಎದುರಾದರೆ ದಾರಿಯನ್ನು ಅವರನ್ನು ಕೇಳುವುದು, ಫೋನನ್ನಲ್ಲ.

ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದೆ ಇರಲಿ. ಕಟ್ಟಕಡೆಯಲ್ಲಿ ನಡೆಯಲು ಅಧ್ಯಾಪಕರಲ್ಲಿ ಒಬ್ಬರು ಒಪ್ಪಿದರೆ ಹೆಸರು ಬರೆಸುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ. ನಮ್ಮ ಓಣಿಯಿಂದಲೇ ಮೂವರು ಹುಡುಗಿಯರು ಬರಲು ಸಿದ್ಧರಿದ್ದಾರೆ, ಆರು ಗಂಟೆಗೆ ಮನೆ ಸೇರುವುದಾದರೆ.