ಸೌಂಡ್ ಬಾಕ್ಸ್ ಮ್ಯಾಲ ಹಾರ್ಡ್ ಡಿಸ್ಕ್ ಇಡಬ್ಯಾಡ್ರಿ

1/5
ಫೋಟೋ ಸ್ವಲ್ಪ ಝೂಮ್ ಮಾಡಿ ನೋಡ್ರಿ ದೋಸ್ತರ. ಬನಶಂಕರಿ ಜಾತ್ರಿ, ರಾತ್ರಿ ನಾಟಕ. ಮೂಲ್ಯಾಗ ಎದಿಮಟ್ಟದ ಸೌಂಡ್ ಬಾಕ್ಸ್, ಅದರ ಮ್ಯಾಲ ಲ್ಯಾಪ್‌ಟಾಪ್, ಬಾಜೂಕ ಕರೀ ಹಾರ್ಡ್ ಡಿಸ್ಕ್. ಲೈಟು ಮಿಣಮಿಣ ಅಂತೈತಿ, ಅಂದ್ರ ವಿಡಿಯೋ ಕಾಪಿ ಆಗಾಕ ಹತ್ತೈತಿ. ಕೆಳಗ ಬೇಸ್ ಬಡೀತೈತಿ, ಮ್ಯಾಲಿಟ್ಟ ಚಹಾದ ಕಪ್ಪಿನ್ಯಾಗ ಅಲೆ ಏಳ್ತಾವ.

ನಾಳೆ ಡಿಸ್ಕ್ ಓಪನ್ ಆಗಲಿಲ್ಲಂದ್ರ ಏನಂತೀವಿ? "ಡುಪ್ಲಿಕೇಟ್ ಮಾಲ್ ಕೊಟ್ಟಾನ." "ವೈರಸ್ ಹೊಕ್ಕೈತಿ." "ನಮ್ಮ ನಸೀಬ ಖೊಟ್ಟಿ." ಚಹಾದ ಕಪ್ಪಿನ ಕಡೆ ಮಾತ್ರ ಯಾರೂ ಬೆರಳು ತೋರಸೂದಿಲ್ಲ.

2/5
ಡಿಸ್ಕಿನ ಒಳಗ ಏನೈತಿ ಅಂತ ಒಮ್ಮೆ ತಿಳಕೊಂಡ್ರ ಸಿಟ್ಟು ನಿಮಗೂ ಬರ್ತದ. ಕನ್ನಡಿಯಂಥ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತವೆ. ಓದುವ-ಬರೆಯುವ ಹೆಡ್ ಆ ತಟ್ಟೆಗೆ ತಾಗದೆ, ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್. ಈಗ ಲೆಕ್ಕಾ ನೀವ ಹಾಕ್ರಿ.

ನಡುಗಿದಾಗ ಹೆಡ್ ತನ್ನ ಗೆರೆ ಬಿಟ್ಟು ಸರಿಯುತ್ತದೆ. ಬರೆಯೋದನ್ನ ನಿಲ್ಲಿಸಿ ಮತ್ತ ಪ್ರಯತ್ನ ಮಾಡ್ತದ, ಮತ್ತ ತಪ್ಪತದ. ಕಾಪಿ ಸ್ಪೀಡ್ ಸುಮ್ಮಸುಮ್ಮನ ಇಳೀತಂದ್ರ ಒಂದು ಕಾರಣ ಇದೂ ಇರಬಹುದು. ತಿರುಗುವಾಗಲೇ ಜೋರಾಗಿ ಪೆಟ್ಟು ಬಿದ್ದರೆ ಹೆಡ್ ತಟ್ಟೆಗೆ ತಾಗಿ ಗೀರುತ್ತದೆ, ಅಲ್ಲಿದ್ದ ವಿಡಿಯೋ ಹೋತು. ಇನ್ನೊಂದು, ಯುಎಸ್‌ಬಿ ಪಿನ್ನು. ನಡುಗಿ ನಡುಗಿ ಅದು ಸಡಿಲಾಗಿ, ಕಾಪಿ ನಡದಾಗ ಕನೆಕ್ಷನ್ ಕಟ್ ಆತಂದ್ರ ತಟ್ಟೆ ಚೊಲೋ ಇದ್ರೂ ಫೈಲ್ ಕೆಡ್ತಾವ.

"ಬರೇ ಸಪ್ಪಳಕ್ಕ ಏನಾಗ್ತೈತಲೇ" ಅನ್ನೋರಿಗೆ: 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಇಂಜಿನಿಯರ್ ಬ್ರೆಂಡನ್ ಗ್ರೆಗ್ ಡಿಸ್ಕ್‌ಗಳ ಮುಂದ ನಿಂತು ಬಾಯಿ ಮಾಡಿ ಒದರಿದ, ಡಿಸ್ಕ್ ನಿಧಾನ ಆಗಿದ್ದು ಗ್ರಾಫ್‌ನ್ಯಾಗ ಎದ್ದು ಕಾಣ್ತು. ಯೂಟ್ಯೂಬ್‌ನ್ಯಾಗ ಐತಿ, ನೋಡ್ರಿ. 2016ರ ಸೆಪ್ಟೆಂಬರ್‌ನಲ್ಲಿ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಐಎನ್‌ಜಿ ಬ್ಯಾಂಕಿನ ಡೇಟಾ ಸೆಂಟರ್‌ನಲ್ಲಿ ಬೆಂಕಿ ಆರಿಸುವ ವ್ಯವಸ್ಥೆಯನ್ನು ಪರೀಕ್ಷಿಸಿದರು. ಗ್ಯಾಸ್ ಹೊರಬಿದ್ದ ಸಪ್ಪಳಕ್ಕೇ ಹತ್ತಾರು ಡಿಸ್ಕ್ ಕೆಟ್ಟು, ಕಾರ್ಡ್, ಎಟಿಎಂ ಗಂಟೆಗಟ್ಟಲೆ ಬಂದ್. ಬ್ಯಾಂಕಿನ ಡಿಸ್ಕಿನ ಗತಿ ಹಿಂಗ. ನಮ್ದು ಡಿಜೆ ಮ್ಯಾಲ ಕುಂತೈತಿ.

3/5
ಡಿಜೆ ಒಂದಕ್ಕ ಬೈದ್ರ ಅನ್ಯಾಯ ಆಗ್ತದ. ಜಾತ್ರಿ ಮುಗಿಸಿ ಟೆಂಪೋದಾಗ ಬರುವಾಗ ತೊಡಿ ಮ್ಯಾಲ ಲ್ಯಾಪ್‌ಟಾಪ್ ಇಟ್ಕೊಂಡು ಕಾರ್ಡ್ ಖಾಲಿ ಮಾಡೋರು ನಮ್ಮೊಳಗ ಎಷ್ಟ ಮಂದಿ ಅದಾರ! ರಸ್ತಾದ ಒಂದೊಂದು ತೆಗ್ಗೂ ಡಿಸ್ಕಿಗೆ ಒಂದೊಂದು ಪೆಟ್ಟು. ರಬಕವಿ-ಬನಹಟ್ಟಿ ಕಡೆ ಮಗ್ಗದ ಮನ್ಯಾಗ ಪವರ್‌ಲೂಮ್ ಗೋಡೆಗೇ ಟೇಬಲ್ ಹಚ್ಚಿ ಎಡಿಟಿಂಗ್ ಮಾಡ್ತೀರಿ. ಮಗ್ಗ ನಿಮ್ಮ ಹೊಟ್ಟಿ ಹೊರೀತದ, ಅದು ನಿಲ್ಲಬಾರದು ಖರೆ. ಟೇಬಲ್ ಆದ್ರ ಸರಿಸಬಹುದಲ್ಲ?

ಇನ್ನು ಜಾಣರು ಡಿಸ್ಕಿಗೆ ಟವೆಲ್ ಸುತ್ತತಾರ. ಒಳಗ ಬಿಸಿ ಏರ್ತದ, ಅದೂ ಕೆಟ್ಟದ್ದ.

ಮಾಡೂದು ಭಾಳ ಏನಿಲ್ಲ. ಸ್ಪೀಕರ್ ಟೇಬಲ್ ಬ್ಯಾರೆ, ಡಿಸ್ಕ್ ಟೇಬಲ್ ಬ್ಯಾರೆ. ಕೆಳಗ ತೆಳ್ಳಗಿನ ರಬ್ಬರ್ ಶೀಟು, ಮ್ಯಾಲ ಗಾಳಿ ಆಡಲಿ. ಅಡ್ಡ ಮಲಗಿಸಿ ಇಡ್ರಿ, ನಿಂದ್ರಿಸಿದ್ರ ಯಾರದರೆ ಮೊಣಕೈ ತಾಗಿ ಉಳ್ಳತದ. ವೈರ್ ಜಗ್ಗಿ ಕಿತ್ತಬ್ಯಾಡ್ರಿ: ಇಜೆಕ್ಟ್ ಕೊಡ್ರಿ, ವೈರ್ ತಗೀರಿ, ತಟ್ಟೆ ತಿರುಗೂದು ಪೂರಾ ನಿಂದ್ರೂತನಕ ಒಂದು ಹತ್ತು-ಹದಿನೈದು ಸೆಕೆಂಡ್ ತಡೀರಿ, ಆಮ್ಯಾಲ ಎತ್ತರಿ. ಬಂದಾದ ಡಿಸ್ಕಿನ ಹೆಡ್ ಬದೀಗಿನ ಜಾಗದಾಗ ಹೋಗಿ ಕೂಡ್ತದ. ಆಮ್ಯಾಲ ಅಂಗಿ ನಡುವ ಸುತ್ತಿ ಬ್ಯಾಗಿಗೆ ಹಾಕಿದ್ರ ಬಸ್ಸಿನ ಕುಲುಕಾಟ ಅದು ತಡಕೋತದ.

4/5
"ನಂದು ಐದ ವರ್ಷ ಆತು, ಏನೂ ಆಗಿಲ್ಲ." ಹೆಲ್ಮೆಟ್ ಹಾಕದವರೂ ಇದನ್ನ ಹೇಳ್ತಾರ.

"ಕ್ಲೌಡ್‌ಗೆ ಹಾಕಿದ್ರಾತು." ಹಾಕ್ರಿ. 500 ಜಿಬಿ ಐತಿ ಅಂತ ಹಿಡೀರಿ. ದಿನಕ್ಕ 2 ಜಿಬಿ ಪ್ಯಾಕ್ ಆದ್ರ 250 ದಿನ, ಅಷ್ಟೊತ್ತಿಗೆ ಮುಂದಿನ ಬನದ ಹುಣ್ಣಿಮಿ ಹತ್ರ ಬಂದಿರತೈತಿ.

"ಎಸ್‌ಎಸ್‌ಡಿ ತಗೊಂಡ್ರಾತು." ಇದು ಖರೆ. ಅದರಾಗ ತಿರುಗುವ ಭಾಗನ ಇಲ್ಲ, ನಡುಕಕ್ಕ ಅಂಜೂದಿಲ್ಲ. ಥೇಟರಿನ್ಯಾಗ ರೆಕಾರ್ಡಿಂಗಿಗೆ ಅದನ್ನೇ ಒಯ್ಯಿರಿ. ಆದ್ರ ವರ್ಷಗಟ್ಟಲೆ ಕರೆಂಟ್ ಕೊಡದ ಕಪಾಟಿನ್ಯಾಗ ಇಟ್ಟರ ಅದರೊಳಗಿನ ಡೇಟಾ ಸವೀತದ. ಎರಡೂ ಬೇಕು, ಒಂದ ಮನ್ಯಾಗ ಅಲ್ಲ, ಎರಡು ಮನ್ಯಾಗ.

"ರೊಕ್ಕ ಎಲ್ಲಿಂದ ತರೂದು?" ಇಲ್ಲಿ ನಾ ಸುಮ್ಮನಿರೂದಿಲ್ಲ. ಡಿಜೆಗೆ ಓಣಿ ಓಣಿ ತಿರುಗಿ ಪಟ್ಟಿ ಎತ್ತತೀವಿ, ಬ್ಯಾನರಿಗೆ ಎತ್ತತೀವಿ. ಇನ್ನೊಂದು ಡಿಸ್ಕಿನ ಮಾತು ಬಂದ ಕೂಡ್ಲೆ ಎಲ್ಲಾರೂ ಮೊಬೈಲ್ ನೋಡ್ಕೋತ ಕೂಡ್ತೀವಿ.

5/5
ಯಾಕ ಇಷ್ಟು ಸಿಟ್ಟು? ಬನಶಂಕರಿ ಅಂದ್ರ ತೇರು ಎಷ್ಟೋ ನಾಟಕನೂ ಅಷ್ಟ. ಕಂಪನಿಗಳು ವಾರಗಟ್ಟಲೆ ಇಲ್ಲೇ ಬಿಡಾರ ಹೂಡ್ತಾವ. ಎಷ್ಟೋ ನಾಟಕದ ಪುಸ್ತಕ ಅಚ್ಚಾಗಿಲ್ಲ. ಹಾರ್ಮೋನಿಯಂ ಮಾಸ್ತರರು ಆ ರಾತ್ರಿ ತೆಗೆದ ಪಟ್ಟು, ಹಾಸ್ಯದವನು ಎದುರಿನ ಮಂದಿ ನೋಡಿ ಅಲ್ಲೇ ಕಟ್ಟಿದ ಮಾತು, ಇವು ಯಾವ ಪುಸ್ತಕದಾಗೂ ಬರೂದಿಲ್ಲ. ಥೇಟರಿನ ತಗಡು ಬಿಚ್ಚಿದ ಮ್ಯಾಲ ಅವು ಉಳಿಯೋದು ನಮ್ಮಂಥ ಹುಡುಗರ ಡಿಸ್ಕಿನ್ಯಾಗ ಮಾತ್ರ. ಐದು ಕಿಲೋಮೀಟರ್ ಆಚೆ ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಲೇಶ ಕ್ರಿ.ಶ. 578ರಲ್ಲಿ ಕೆತ್ತಿಸಿದ ಶಾಸನವನ್ನು ಇಂದಿಗೂ ಓದಬಹುದು. ನಾವು ಹೋದ ವರ್ಷದ ನಾಟಕ ತೋರಸ್ರಿ ಅಂದ್ರ ಮಾರಿ ಮಾರಿ ನೋಡ್ತೀವಿ.

ಹಾಂ, ನಿಮ್ಮ ಡಿಸ್ಕ್ ಈಗಾಗ್ಲೇ ಟಿಕ್ ಟಿಕ್ ಅನ್ನಾಕ ಹತ್ತಿದ್ರ ಮತ್ತ ಮತ್ತ ಹಚ್ಚಿ ನೋಡಬ್ಯಾಡ್ರಿ, ಬಡೀಬ್ಯಾಡ್ರಿ, ಫ್ರಿಜ್‌ನ್ಯಾಗಂತೂ ಇಡಬ್ಯಾಡ್ರಿ. ಹಂಗ ಬಂದ್ ಮಾಡಿ, ಡೇಟಾ ತಗಿಯೋ ಕೆಲಸ ಗೊತ್ತಿದ್ದವರ ಕೈಗೆ ಕೊಡ್ರಿ. ಸ್ಕ್ರೂ ಬಿಚ್ಚಿ ಒಳಗ ನೋಡೋ ಉಮೇದಿ ಇದ್ದವರು ಇನ್ನೊಬ್ಬರ ಡಿಸ್ಕ್ ಮುಟ್ಟಬ್ಯಾಡ್ರಿ.

ಈ ಸಲ ನಾಟಕ ರೆಕಾರ್ಡ್ ಮಾಡೋರು ಯಾರ್ಯಾರು? ಎರಡನೇ ಕಾಪಿ ಯಾರ ಮನ್ಯಾಗ ಇಡ್ತೀರಿ ಅಂತ ಕೆಳಗ ಬರೀರಿ.

#ಬನಶಂಕರಿಜಾತ್ರಿ #ಬನದಹುಣ್ಣಿಮಿ #ಎರಡನೇಕಾಪಿ